32 ಪ್ರೋಸೆಸ್, ಎಲ್ಲಾರೂ ಸೊನ್ನೆ ನಂಬರ್: ತಪ್ಪು ಕಂಪೈಲರ್ ಕಮ್ಯಾಂಡಿನ ಒಂದು ಪ್ರಕರಣ

ಮೊದ್ಲು ರೋಗಲಕ್ಷಣ ಏನು ಅಂತ ಹೇಳ್ಬಿಡ್ತೀನಿ. ಲೋಹದ ಹಲಗೆ ಮೇಲೆ ಶಾಖ ಹೇಗೆ ಹರಡುತ್ತೆ ಅಂತ ಲೆಕ್ಕ ಹಾಕೋ ಒಂದು ಸಿಮ್ಯುಲೇಷನ್ ಪ್ರೋಗ್ರಾಂ, 10,000 ಸಾಲು 10,000 ಕಾಲಂ ಇರೋ ಗ್ರಿಡ್. ಲ್ಯಾಪ್‌ಟಾಪಲ್ಲಿ 4 ಪ್ರೋಸೆಸ್, ಅಂದ್ರೆ ಕೆಲಸ ಹಂಚಿಕೊಂಡು ಒಟ್ಟಿಗೆ ಓಡೋ 4 ಕಾಪಿ, ಕೊಟ್ಟು ಓಡಿಸಿದ್ರೆ ಚೆನ್ನಾಗೇ ಓಡುತ್ತೆ, ಅದನ್ನೇ ಕ್ಲಸ್ಟರಿಗೆ, ಅಂದ್ರೆ ಒಟ್ಟಿಗೆ ಜೋಡಿಸಿಟ್ಟ ಕಂಪ್ಯೂಟರುಗಳ ಗುಂಪಿಗೆ, ಹಾಕಿ 32 ಪ್ರೋಸೆಸ್ ಕೊಟ್ರೆ ಲ್ಯಾಪ್‌ಟಾಪಿಗಿಂತ ನಿಧಾನ. ಎರರ್ ಇಲ್ಲ, ವಾರ್ನಿಂಗ್ ಇಲ್ಲ, ಕ್ರ್ಯಾಶ್ ಇಲ್ಲ, ಉತ್ತರ ಬೇರೆ ಸರಿಯಾಗೇ ಬರ್ತಿದೆ. ಉತ್ತರ ಸರಿ ಇದೆ ಅನ್ನೋದೇ ನಮ್ಮನ್ನ ಹಾಳು ಮಾಡಿದ್ದು, ಯಾಕಂದ್ರೆ ಉತ್ತರ ಸರಿ ಇರೋ ಪ್ರೋಗ್ರಾಮಿನ ಬಿಲ್ಡ್, ಅಂದ್ರೆ ಕೋಡಿಂದ ಓಡೋ ಪ್ರೋಗ್ರಾಂ ಕಟ್ಟೋ ಕೆಲಸ, ತಪ್ಪಾಗಿರಬಹುದು ಅಂತ ಯಾರಿಗೆ ಹೊಳೆಯುತ್ತೆ ಹೇಳಿ.

ಪ್ರೋಗ್ರಾಂ ಒಂದು ಕಿಚಡಿ. ಮೇನ್ ಇರೋದು ಸಿ++ ಅಲ್ಲಿ, ಎಂಪಿಐ, ಅಂದ್ರೆ ಪ್ರೋಸೆಸುಗಳು ಒಂದಕ್ಕೊಂದು ಮಾತಾಡೋಕೆ ಬಳಸೋ ಲೈಬ್ರರಿ, ಅದರ ಕಾಲ್‌ಗಳೆಲ್ಲ ಅಲ್ಲೇ ಇವೆ. ನಿಜವಾದ ಲೆಕ್ಕ ಮಾಡೋದು ಯಾವ ಕಾಲದ್ದೋ ಒಂದು ಫೋರ್ಟ್ರಾನ್ ಫೈಲು, ಅದನ್ನ ಬರೆದವರು ಬಿಟ್ಟು ಹೋಗಿ ಎಷ್ಟೋ ವರ್ಷ ಆಗಿದೆ, ಮುಟ್ಟೋಕೆ ಎಲ್ರಿಗೂ ಭಯ. ಫೈಲ್ ಓದೋದು ಬರೆಯೋದು ಮಾಡೋದಕ್ಕೆ ಎರಡು ಸಿ ಫೈಲ್. ಮೇಕ್ ಅನ್ನೋ ಬಿಲ್ಡ್ ಪ್ರೋಗ್ರಾಮಿಗೆ ಏನು ಹೇಗೆ ಕಟ್ಟಬೇಕು ಅಂತ ಹೇಳೋ ಮೇಕ್‌ಫೈಲ್ ಅಂತ ಒಂದಿತ್ತು, ಆದ್ರೆ ಅದರಲ್ಲಿ ಆಬ್ಜೆಕ್ಟ್ ಫೈಲುಗಳ (ಒಂದೊಂದು ಕೋಡ್ ಫೈಲ್ ಕಂಪೈಲ್ ಆದಾಗ ಸಿಗೋ ತುಂಡುಗಳು) ಹೆಸರು ಬಿಟ್ರೆ ಅವನ್ನ ಲಿಂಕ್ ಮಾಡೋಕೆ, ಅಂದ್ರೆ ಲೈಬ್ರರಿಗಳ ಜೊತೆ ಸೇರಿಸಿ ಒಂದು ಪ್ರೋಗ್ರಾಂ ಮಾಡೋಕೆ, ಅಂತ ಪ್ರತ್ಯೇಕ ರೂಲ್ ಏನೂ ಬರೆದಿರ್ಲಿಲ್ಲ. ಟೀಮಿಗೆ ಹೊಸದಾಗಿ ಬಂದ ಹುಡುಗನಿಗೆ ಇದನ್ನ ಕೊಟ್ಟು ಕ್ಲಸ್ಟರಲ್ಲಿ ಓಡೋ ಹಾಗೆ ಮಾಡಪ್ಪ ಅಂದಿದ್ವಿ. ಹುಡುಗ ಚುರುಕು, ತಪ್ಪು ಅವನದ್ದು ಅಂತ ನಾನು ಹೇಳಲ್ಲ, ಅವನ ಜಾಗದಲ್ಲಿ ನಾನಿದ್ದಿದ್ರೂ ಅರ್ಧ ದಾರಿ ಅದೇ ದಾರಿ ಹಿಡಿತಿದ್ದೆ.

ಲ್ಯಾಪ್‌ಟಾಪಲ್ಲಿ ಶುರುವಾದದ್ದು

ಎಂಪಿಐ ಫಂಕ್ಷನ್ನುಗಳ ಪರಿಚಯ ಇರೋ ಹೆಡರ್ ಫೈಲ್ ಎಲ್ಲಿದೆ ಅಂತ ಹುಡುಕಿ, ಆ ಫೋಲ್ಡರಿನ ದಾರಿನ ಮೇಕ್‌ಫೈಲಲ್ಲಿ ಬರೆದು ಅವನು ಮೊದಲ ಸಲ ಮೇಕ್ ಕೊಟ್ಟಾಗ ಪ್ರತಿ ಫೈಲೂ ಕಂಪೈಲ್ ಆಯ್ತು, ಕೊನೆಗೆ ಲಿಂಕ್ ಮಾಡೋ ಹೊತ್ತಿಗೆ ನೂರಾರು ಸಾಲು ಅನ್‌ಡಿಫೈನ್ಡ್ ರೆಫರೆನ್ಸ್, ಅಂದ್ರೆ ಈ ಹೆಸರು ಎಲ್ಲೂ ಸಿಗ್ತಿಲ್ಲ ಅನ್ನೋ ಎರರ್, ಸುರೀತು, ಹೆಚ್ಚಿನ ಸಾಲಲ್ಲಿ ಎಸ್‌ಟಿಡಿ ಅಂತ ಶುರುವಾಗೋ ಹೆಸರುಗಳು. ಸಿ++ ಗೊತ್ತಿರೋರಿಗೆ ಇದು ಹಳೇ ಪರಿಚಯದ ಮುಖ, ಸ್ಟ್ಯಾಂಡರ್ಡ್ ಲೈಬ್ರರಿ ಸಿಗ್ತಿಲ್ಲ ಅಂತ ಅರ್ಥ.

ಕಾರಣ ಮೇಕ್ ಒಳಗೇ ಇದೆ. ನೀವು ಲಿಂಕ್ ರೂಲ್ ಬರೆಯದೇ ಬಿಟ್ರೆ ಮೇಕ್ ತನ್ನ ಒಳಗಿರೋ ರೂಲನ್ನ ಬಳಸುತ್ತೆ, ಆ ರೂಲು ಆಬ್ಜೆಕ್ಟ್ ಫೈಲುಗಳನ್ನ ಲಿಂಕ್ ಮಾಡೋಕೆ ಕರೆಯೋದು ಸಿಸಿ ಅನ್ನೋ ವೇರಿಯಬಲಲ್ಲಿ ಇರೋ ಕಮ್ಯಾಂಡನ್ನ. ಆ ಆಬ್ಜೆಕ್ಟ್ ಫೈಲು ಸಿ ಇಂದ ಹುಟ್ಟಿದ್ದೋ ಸಿ++ ಇಂದ ಹುಟ್ಟಿದ್ದೋ ಫೋರ್ಟ್ರಾನಿಂದ ಹುಟ್ಟಿದ್ದೋ ಮೇಕ್‌ಗೆ ಆ ಹಂತದಲ್ಲಿ ಗೊತ್ತಾಗಲ್ಲ, ಅದಕ್ಕೆ ಕಾಣೋದು ಚುಕ್ಕಿ ಓ ಅಷ್ಟೇ. ಸಿಸಿ ವೇರಿಯಬಲಿನ ಡೀಫಾಲ್ಟ್ ಬೆಲೆ ಸಿಸಿ ಅನ್ನೋ ಕಮ್ಯಾಂಡೇ, ಸಾಮಾನ್ಯ ಲಿನಕ್ಸ್ ಮೆಷಿನಲ್ಲಿ ಅದು ಹೋಗಿ ನಿಲ್ಲೋದು ಜಿಸಿಸಿ ಹತ್ರ.

ಇಲ್ಲಿ ಜಿಸಿಸಿಗೂ ಜಿ++ಗೂ ಏನು ವ್ಯತ್ಯಾಸ ಅಂತ ಸ್ವಲ್ಪ ನಿಂತು ನೋಡ್ಬೇಕು, ತುಂಬಾ ಜನ ಇದನ್ನ ಅರ್ಧಂಬರ್ಧ ತಿಳ್ಕೊಂಡಿರ್ತಾರೆ. ಜಿಸಿಸಿ ಅನ್ನೋ ಕಮ್ಯಾಂಡು ತಾನೇ ಕಂಪೈಲ್ ಮಾಡಲ್ಲ, ಅದು ಮೇಸ್ತ್ರಿ ಇದ್ದಂಗೆ. ಫೈಲಿನ ಹೆಸರಿನ ಬಾಲ ನೋಡಿ ಸಿ ಆದ್ರೆ ಸಿಸಿ1 ಅನ್ನೋ ಒಳಗಿನ ಪ್ರೋಗ್ರಾಮನ್ನ ಕರೆಯುತ್ತೆ, ಸಿ++ ಆದ್ರೆ ಸಿಸಿ1ಪ್ಲಸ್, ಫೋರ್ಟ್ರಾನ್ ಆದ್ರೆ ಎಫ್951, ಆಮೇಲೆ ಅಸೆಂಬ್ಲರ್, ಕೊನೆಗೆ ಲಿಂಕರ್. 1987ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಮೊದಲ ಸಲ ಬಿಡುಗಡೆ ಮಾಡಿದಾಗ ಜಿಸಿಸಿ ಅಂದ್ರೆ ಗ್ನೂ ಸಿ ಕಂಪೈಲರ್ ಅಂತಿತ್ತು, 1999ರಲ್ಲಿ ಅದನ್ನ ಗ್ನೂ ಕಂಪೈಲರ್ ಕಲೆಕ್ಷನ್ ಅಂತ ಬದಲಾಯಿಸಿದ್ರು, ಅಂದ್ರೆ ಒಂದೇ ಹೆಸರಿನ ಹಿಂದೆ ಇಡೀ ಸಂಸಾರ ಇದೆ. ಹಾಗಾಗಿ ಸಿ++ ಫೈಲನ್ನ ಜಿಸಿಸಿಗೆ ಕೊಟ್ರೂ ಅದು ಸಿ++ ಅಂತಲೇ ಸರಿಯಾಗಿ ಕಂಪೈಲ್ ಮಾಡುತ್ತೆ. ಎಡವೋದು ಲಿಂಕಲ್ಲಿ. ಜಿ++ ಅಂತ ಕರೆದ್ರೆ ಮಾತ್ರ ಸಿ++ ಸ್ಟ್ಯಾಂಡರ್ಡ್ ಲೈಬ್ರರಿನೂ ಗಣಿತದ ಲೈಬ್ರರಿನೂ ತಾನಾಗೇ ಸೇರಿಕೊಳ್ಳುತ್ತೆ, ಜಿಸಿಸಿ ಅಂತ ಕರೆದ್ರೆ ಸೇರಲ್ಲ. ಕಂಪೈಲ್ ಪೂರ್ತಿ ಪಾಸ್ ಆಗಿ ಲಿಂಕಲ್ಲಿ ಮುಗ್ಗರಿಸೋದು ಇದಕ್ಕೇ.

ಹುಡುಗ ಮೊದ್ಲು ಮಾಡಿದ್ದು ಸಿಸಿ ವೇರಿಯಬಲಿಗೆ ಜಿ++ ಅಂತ ಹಾಕಿದ್ದು. ಲಿಂಕಿನ ತೊಂದ್ರೆ ಹೋಗಬೇಕಿತ್ತು, ಆದ್ರೆ ಅಲ್ಲಿಗೆ ತಲುಪೋಕೆ ಮುಂಚೆನೇ ಸಿ ಫೈಲುಗಳು ಕೈ ಕೊಟ್ವು. ಜಿ++ಗೆ ಚುಕ್ಕಿ ಸಿ ಫೈಲ್ ಕೊಟ್ರೂ ಅದನ್ನ ಸಿ++ ಅಂತಲೇ ಓದುತ್ತೆ. ಮೆಮೊರಿ ಕೇಳೋ ಮ್ಯಾಲಕ್ ಫಂಕ್ಷನ್ ವಾಪಸ್ ಕೊಡೋ ವಾಯ್ಡ್ (ಟೈಪಿಲ್ಲದ) ಪಾಯಿಂಟರನ್ನ ಸಿ ಅಲ್ಲಿ ನೇರವಾಗಿ ಡಬಲ್ ಪಾಯಿಂಟರಿಗೆ ಹಾಕ್ಬಹುದು, ಸಿ++ ಒಪ್ಪಲ್ಲ, ಇನ್‌ವ್ಯಾಲಿಡ್ ಕನ್ವರ್ಷನ್ ಅಂತ ನಿಂತುಬಿಡುತ್ತೆ. ಟೈಪ್ ಬದಲಾಯಿಸೋ ಕಾಸ್ಟ್ ಹಾಕಿ ದಾಟಿಸಿದ್ರೂ ಇನ್ನೊಂದು ಗಂಡಾಂತರ ಇದೆ, ಸಿ++ ಆಗಿ ಕಂಪೈಲ್ ಆದ ಫಂಕ್ಷನ್ನಿನ ಹೆಸರು ಒಳಗೆ ಬದಲಾಗುತ್ತೆ, ಯಾವ ಟೈಪಿನ ಆರ್ಗ್ಯುಮೆಂಟ್ ಅನ್ನೋದೂ ಹೆಸರಿಗೇ ಅಂಟಿಕೊಳ್ಳುತ್ತೆ, ಆ ಕಡೆ ಎಕ್ಸ್‌ಟರ್ನ್ ಸಿ, ಅಂದ್ರೆ ಇದು ಸಿ ಫಂಕ್ಷನ್, ಅಂತ ಹೇಳಿ ಕರೀತಿರೋ ಕೋಡು ಹುಡುಕೋದು ಬೇರೆ ಹೆಸರು.

ಅದು ಆಗಲ್ಲ ಅಂತ ಸಿಸಿನ ವಾಪಸ್ ಜಿಸಿಸಿ ಮಾಡಿ, ಲೈಬ್ರರಿಗಳ ಪಟ್ಟಿಯಲ್ಲಿ ಎಸ್‌ಟಿಡಿಸಿ++ ಅಂತ ಕೈಯಾರೆ ಸೇರಿಸಿದ. ಆಮೇಲೆ ಫೋರ್ಟ್ರಾನ್ ಕಡೆಯಿಂದ ಕೂಗು ಬಂತು, ಜಿಫೋರ್ಟ್ರಾನ್ ಲೈಬ್ರರಿ ಸೇರಿಸಿದ. ಆಮೇಲೆ ಎಂಪಿಐ ಇನಿಟ್ ಸಿಗ್ತಿಲ್ಲ ಅಂತು, ಎಂಪಿಐ ಅನ್ನೋ ಹೆಸರಿನ ಲೈಬ್ರರಿ ಸೇರಿಸಿದ. ತೇಪೆ ಮೇಲೆ ತೇಪೆ, ಆದ್ರೆ ಓಡ್ತು! ಲ್ಯಾಪ್‌ಟಾಪಲ್ಲಿ ಇದ್ದದ್ದು ಒಂದೇ ಒಂದು ಎಂಪಿಐ, ಓಪನ್ ಎಂಪಿಐ, ಬೇರೆ ಯಾವುದೂ ಇಲ್ಲ, ಹಾಗಾಗಿ ಎಲ್ಲಿ ಹುಡುಕಿದ್ರೂ ಸಿಗೋದು ಅದೇ. 4 ಪ್ರೋಸೆಸಲ್ಲಿ ಒಂದಕ್ಕೆ ಮೂರು ಪಟ್ಟಿಗಿಂತ ಜಾಸ್ತಿ ವೇಗ ಬಂತು, ನಾವೂ ಭೇಷ್ ಅಂದ್ವಿ. ಮೇಕ್‌ಫೈಲ್ ತೆಗೆದು ನೋಡಲೇ ಇಲ್ಲ, ಅದು ನನ್ನ ತಪ್ಪು.

ಈ ತೇಪೆಗಳಲ್ಲಿ ಒಂದೊಂದರ ಹಣೆಬರಹವೂ ಹೇಳ್ಬಹುದು. ಎಸ್‌ಟಿಡಿಸಿ++ ಅಂತ ಕೈಯಾರೆ ಬರೆದ್ರೆ ಮ್ಯಾಕ್‌ನಲ್ಲಿ ನಿಲ್ಲಲ್ಲ, ಅಲ್ಲಿ ಕ್ಲ್ಯಾಂಗ್ ಅನ್ನೋ ಕಂಪೈಲರ್ ಬಳಸೋ ಲೈಬ್ರರಿ ಹೆಸರೇ ಬೇರೆ, ಲಿಬ್‌ಸಿ++. ಅಲ್ಲಿ ಜಿಸಿಸಿ ಅಂತ ಟೈಪ್ ಮಾಡಿದ್ರೂ ಆಪಲ್ ಕೊಟ್ಟಿರೋ ಕ್ಲ್ಯಾಂಗೇ ಎದ್ದು ಬರೋದು, ಹೆಸರಿಗೆ ಮಾತ್ರ ಜಿಸಿಸಿ. ಇನ್ನು ಲೈಬ್ರರಿಗಳನ್ನ ಎಲ್‌ಡಿಫ್ಲ್ಯಾಗ್ಸ್ ಅನ್ನೋ ಮೇಕ್ ವೇರಿಯಬಲಲ್ಲಿ ಬರೆದ್ರೆ ಅವು ಆಬ್ಜೆಕ್ಟ್ ಫೈಲುಗಳಿಗಿಂತ ಮುಂಚೆ ಬಂದ್ಬಿಡುತ್ವೆ, ಉಬುಂಟು ಥರದ ಕಡೆ ಲಿಂಕರ್ ಇನ್ನೂ ಯಾರೂ ಕೇಳದೇ ಇರೋ ಲೈಬ್ರರಿ ಯಾಕೆ ಬೇಕು ಅಂತ ಅದನ್ನ ಬಿಟ್ಟು ಮುಂದೆ ಹೋಗುತ್ತೆ, ಆಮೇಲೆ ಹೆಸರು ಕಣ್ಣ ಮುಂದೆ ಇದ್ರೂ ಅನ್‌ಡಿಫೈನ್ಡ್ ಅಂತ ಬೈಸ್ಕೋಬೇಕು. ಅವನು ಆಬ್ಜೆಕ್ಟ್ ಫೈಲುಗಳ ನಂತರ ಬರೋ ಎಲ್‌ಡಿಲಿಬ್ಸಲ್ಲೇ ಬರೆದಿದ್ದ, ಅದೊಂದು ಪುಣ್ಯ.

ಕ್ಲಸ್ಟರಿಗೆ ಹೋದ ಮೇಲೆ

ಇಡೀ ಫೋಲ್ಡರನ್ನ ಹಾಗೇ ಕಾಪಿ ಮಾಡಿದ, ಆಬ್ಜೆಕ್ಟ್ ಫೈಲುಗಳ ಸಮೇತ. ಕ್ಲಸ್ಟರಲ್ಲಿ ಮಾಡ್ಯೂಲ್ ವ್ಯವಸ್ಥೆ ಇತ್ತು, ಬೇಕಾದ ಕಂಪೈಲರ್, ಬೇಕಾದ ಎಂಪಿಐ ಲೋಡ್ ಮಾಡ್ಕೋಬೇಕು. ಅವನು ಹೊಸ ಜಿಸಿಸಿ ಒಂದನ್ನೂ ಓಪನ್ ಎಂಪಿಐ ಒಂದನ್ನೂ ಲೋಡ್ ಮಾಡಿದ, ಅಲ್ಲಿವರೆಗೂ ಎಲ್ಲ ಸರಿ. ಆದ್ರೆ ಮೇಕ್‌ಫೈಲಲ್ಲಿದ್ದ ಲ್ಯಾಪ್‌ಟಾಪಿನ ದಾರಿ ಇಲ್ಲಿ ಇಲ್ವಲ್ಲ, ಎಂಪಿಐ ಹೆಡರ್ ಎಲ್ಲಿದೆ ಅಂತ ಮತ್ತೆ ಫೈಂಡ್ ಹಾಕಿ ಮೊದ್ಲು ಸಿಕ್ಕಿದ ಫೋಲ್ಡರನ್ನ ಬರೆದ, ಅದರ ಪಕ್ಕದಲ್ಲೇ ಇದ್ದ ಲೈಬ್ರರಿ ಫೋಲ್ಡರನ್ನೂ ಸೇರಿಸಿದ. ಮೊದ್ಲು ಸಿಕ್ಕಿದ್ದು ಆಪರೇಟಿಂಗ್ ಸಿಸ್ಟಂ ಜೊತೆ ಇನ್‌ಸ್ಟಾಲ್ ಆಗಿದ್ದ ಎಂಪಿಚ್, ಮಾಡ್ಯೂಲಿಂದ ಬಂದ ಓಪನ್ ಎಂಪಿಐ ಅಲ್ಲ. ಈ ಎರಡೂ ಒಂದೇ ಎಂಪಿಐ ಸ್ಟ್ಯಾಂಡರ್ಡನ್ನ ಪಾಲಿಸೋ ಬೇರೆ ಬೇರೆ ಮನೆಯವರು, ಫಂಕ್ಷನ್ ಹೆಸರುಗಳೆಲ್ಲ ಒಂದೇ, ಲೈಬ್ರರಿ ಫೈಲಿನ ಹೆಸರೂ ಒಂದೇ, ಒಳಗಿನ ಸಂಸಾರ ಪೂರ್ತಿ ಬೇರೆ.

ಮೇಕ್ ಕೊಟ್ಟ. ಆಬ್ಜೆಕ್ಟ್ ಫೈಲುಗಳ ಟೈಮ್ ಹೊಸದಾಗೇ ಇತ್ತು ಅಂತ ಮೇಕ್ ಅವನ್ನ ಮತ್ತೆ ಕಂಪೈಲ್ ಮಾಡ್ಲಿಲ್ಲ, ಲಿಂಕಿಗೆ ನೇರ ಹೋಯ್ತು, ಅಲ್ಲಿ ಒಂದು ಎರರ್ ಬಂತು: ಓಎಂಪಿಐ ಎಂಪಿಐ ಕಾಮ್ ವರ್ಲ್ಡ್ ಅನ್ನೋ ಹೆಸರು ಸಿಗ್ತಿಲ್ಲ. ಇಡೀ ಪ್ರಕರಣದಲ್ಲಿ ನಮಗೆ ಸಿಕ್ಕ ಅತ್ಯಂತ ಪ್ರಾಮಾಣಿಕ ಎರರ್ ಅಂದ್ರೆ ಇದೊಂದೇ. ಆ ಹೆಸರಿನ ಮುಂದಿರೋ ಓಎಂಪಿಐ ಅಂದ್ರೆ ಓಪನ್ ಎಂಪಿಐ, ಅಂದ್ರೆ ಲ್ಯಾಪ್‌ಟಾಪಲ್ಲಿ ಓಪನ್ ಎಂಪಿಐ ಹೆಡರ್ ನೋಡಿ ಹುಟ್ಟಿದ ಆಬ್ಜೆಕ್ಟ್ ಫೈಲು ತನ್ನ ಮನೆಯವರನ್ನ ಕೇಳ್ತಿದೆ, ಲಿಂಕರ್ ಕೈಯಲ್ಲಿರೋ ಲೈಬ್ರರಿ ಆ ಮನೆಯದ್ದಲ್ಲ. ಆ ಸಾಲನ್ನ ಎರಡು ನಿಮಿಷ ಓದಿದ್ರೆ ಕತೆ ಅಲ್ಲೇ ಮುಗೀತಿತ್ತು. ಅವನು ಎಲ್ರೂ ಮಾಡೋದನ್ನೇ ಮಾಡಿದ, ಮೇಕ್ ಕ್ಲೀನ್ ಹೊಡೆದು ಹಳೇ ಆಬ್ಜೆಕ್ಟ್ ಫೈಲುಗಳನ್ನ ಅಳಿಸಿ ಮತ್ತೆ ಮೇಕ್ ಕೊಟ್ಟ. ಈ ಸಲ ಹೆಡರೂ ಎಂಪಿಚ್, ಲೈಬ್ರರಿನೂ ಎಂಪಿಚ್, ಎರಡೂ ಹೊಂದಿಕೊಂಡ್ವು, ಎರರ್ ಮಾಯ.

ಓಡಿಸೋಕೆ ಎಂಪಿಐರನ್ ಕೊಟ್ಟ, ಎಂಪಿಐ ಪ್ರೋಗ್ರಾಮಿನ ಕಾಪಿಗಳನ್ನ ಶುರು ಮಾಡೋ ಕಮ್ಯಾಂಡ್ ಅದು. ಆ ಎಂಪಿಐರನ್ ಎಲ್ಲಿಂದ ಬಂತು? ಮಾಡ್ಯೂಲಿಂದ. ಅಂದ್ರೆ ಓಪನ್ ಎಂಪಿಐದು.

ಇದಾದ ಮೇಲೆ ಮೂರು ದಿನ ನಾವು ಹುಡುಕಿದ್ದೆಲ್ಲ ಬೇರೆ ಕಡೆ. ನೆಟ್‌ವರ್ಕ್ ನಿಧಾನ ಇರಬಹುದು ಅಂದ್ವಿ, 32 ಪ್ರೋಸೆಸೂ ಒಂದೇ ನೋಡಲ್ಲಿ, ಅಂದ್ರೆ ಕ್ಲಸ್ಟರಿನ ಒಂದೇ ಕಂಪ್ಯೂಟರಲ್ಲಿ, ಇದ್ವು, ನೆಟ್‌ವರ್ಕ್ ಮಾತೇ ಬರಲ್ಲ. ಅಂಚಿನ ಸಾಲುಗಳನ್ನ ಅಕ್ಕಪಕ್ಕದವರಿಗೆ ಕಳಿಸೋದ್ರಲ್ಲಿ ಟೈಮ್ ಹೋಗ್ತಿದೆ ಅಂದ್ವಿ, ಅಳೆದು ನೋಡಿದ್ರೆ ಕಳಿಸೋಕೆ ಹಿಡಿಯೋ ಸಮಯ ಹೆಚ್ಚುಕಮ್ಮಿ ಸೊನ್ನೆ. ಅದನ್ನ ನೋಡಿ ಅನುಮಾನ ಬರಬೇಕಿತ್ತು, ನಾವು ಖುಷಿಪಟ್ವಿ, ಕಮ್ಯುನಿಕೇಷನ್ ಎಷ್ಟು ಚೆನ್ನಾಗಿದೆ ನೋಡಿ ಸರ್ ಅಂತ ಅವನು ಬೇರೆ ಅಂದ. ಕಂಪೈಲರ್ ಆಪ್ಟಿಮೈಸೇಷನ್ ಲೆವೆಲ್ ಏರಿಸಿ ನೋಡಿದ್ವಿ, ಆ ಕತೆ ಆಮೇಲೆ ಹೇಳ್ತೀನಿ, ಅದರಿಂದ ಇನ್ನೊಂದು ರಂಪ ಆಯ್ತು.

ಸುಳಿವು ಸಿಕ್ಕಿದ್ದು ಮೆಮೊರಿಯಿಂದ. ಜಾಬ್ ಮುಗಿದ ಮೇಲೆ ಕ್ಲಸ್ಟರ್ ಕೊಡೋ ಲೆಕ್ಕದಲ್ಲಿ ಸುಮಾರು 51 ಜಿಬಿ ಬಳಸಿದೆ ಅಂತ ಇತ್ತು. ಇಷ್ಟು ಯಾಕೆ ಅಂತ ಕೂತು ಲೆಕ್ಕ ಹಾಕಿದೆ. 10,000 ಇಂಟು 10,000 ಅಂದ್ರೆ 10 ಕೋಟಿ ಬಿಂದು, ಒಂದಕ್ಕೆ 8 ಬೈಟು, 800 ಎಂಬಿ ಆಯ್ತು, ಹಳೇ ಬೆಲೆಗೊಂದು ಹೊಸ ಬೆಲೆಗೊಂದು ಅಂತ ಎರಡು ಅರೇ, 1.6 ಜಿಬಿ. 32 ಜನ ಹಂಚಿಕೊಂಡ್ರೆ ಒಟ್ಟು 1.6 ಜಿಬಿ ಮೇಲೆ ಸ್ವಲ್ಪ ಆಚೀಚೆ ಇರಬೇಕು. 51ನ್ನ 1.6ರಿಂದ ಭಾಗಿಸಿದ್ರೆ ಹೆಚ್ಚುಕಮ್ಮಿ 32. ಎದೆ ಧಸಕ್ ಅಂತು. ಯಾರೂ ಹಂಚಿಕೊಂಡಿಲ್ಲ, ಒಬ್ಬೊಬ್ಬರೂ ಇಡೀ ಹಲಗೆಯನ್ನೇ ಹೊತ್ಕೊಂಡು ಕೂತಿದ್ದಾರೆ!

ಲಾಗ್ ಫೈಲಿನ ಕೊನೆಯನ್ನಷ್ಟೇ ಎಲ್ರೂ ನೋಡ್ತಿದ್ವಿ, ಮುಗೀತಾ ಇಲ್ವಾ ಅಂತ ತಿಳ್ಕೊಳೋಕೆ. ಈಗ ತಲೆಯ ಕಡೆ ಹೋಗಿ ನೋಡಿದೆ. ಸೊನ್ನೆ ನಂಬರಿನ ಪ್ರೋಸೆಸ್ ಮಾತ್ರ ಪ್ರಿಂಟ್ ಮಾಡಬೇಕಾದ ಸಾಲು, ಗ್ರಿಡ್ ಅಳತೆ ಇಷ್ಟು, ಒಟ್ಟು ಪ್ರೋಸೆಸ್ ಇಷ್ಟು ಅಂತ. ಅದು 32 ಸಲ ಬಂದಿದೆ. ಪ್ರತಿ ಸಲವೂ ಒಟ್ಟು ಪ್ರೋಸೆಸ್ 1.

ಆದದ್ದು ಇಷ್ಟು. ಎಂಪಿಐರನ್ 32 ಕಾಪಿ ಶುರು ಮಾಡಿ ನೀನು ಇಷ್ಟನೇ ನಂಬರು, ನಿನ್ನ ಜೊತೆ ಇನ್ನು ಇಷ್ಟು ಜನ ಇದ್ದಾರೆ ಅಂತ ಪ್ರತಿಯೊಂದಕ್ಕೂ ತಿಳಿಸೋ ಪದ್ಧತಿ ಒಂದಿರುತ್ತೆ, ಆ ಪದ್ಧತಿ ಒಂದೊಂದು ಮನೆಯಲ್ಲಿ ಒಂದೊಂದು ಥರ. ಓಪನ್ ಎಂಪಿಐನ ಎಂಪಿಐರನ್ ತನ್ನ ಭಾಷೇಲಿ ಹೇಳ್ತು, ಒಳಗಿದ್ದ ಎಂಪಿಚ್ ಲೈಬ್ರರಿಗೆ ಅದು ಅರ್ಥವಾಗ್ಲಿಲ್ಲ. ಅರ್ಥವಾಗದಿದ್ರೆ ಎರರ್ ಕೊಡಬೇಕಿತ್ತಲ್ವಾ ಅಂತ ಕೇಳ್ಬಹುದು, ಆದ್ರೆ ಎಂಪಿಐ ಪ್ರೋಗ್ರಾಮನ್ನ ಎಂಪಿಐರನ್ ಇಲ್ಲದೆ ಸುಮ್ನೆ ಹೆಸರು ಟೈಪ್ ಮಾಡಿ ಓಡಿಸೋಕೂ ಬಿಡ್ತಾರೆ, ಆಗ ಅದು ತಾನೊಂದೇ ಅಂತ ಭಾವಿಸಿ ನಂಬರ್ 0, ಒಟ್ಟು 1 ಅಂತ ಶುರುವಾಗುತ್ತೆ. ಇಲ್ಲೂ ಹಾಗೇ ಆಯ್ತು, 32 ಜನಕ್ಕೂ ತಾನೊಬ್ಬನೇ ಅನ್ನೋ ಭ್ರಮೆ. ಒಬ್ಬೊಬ್ಬರೂ ಇಡೀ ಲೆಕ್ಕ ಮಾಡಿದ್ರು, ಒಂದೇ ಫೈಲಿಗೆ ಒಂದೇ ಉತ್ತರವನ್ನ ಒಬ್ಬರ ಮೇಲೊಬ್ಬರು ಬರೆದ್ರು, ಉತ್ತರ ಸರಿಯಾಗಿರದೇ ಇನ್ನೇನಾಗುತ್ತೆ. ಮೆಮೊರಿಗಾಗಿ 32 ಜನ ಕಿತ್ತಾಡಿದ್ರಿಂದ ಒಬ್ಬನೇ ಓಡಿದ್ದಕ್ಕಿಂತಲೂ ನಿಧಾನ ಆಯ್ತು. ಕಳಿಸೋ ಸಮಯ ಸೊನ್ನೆ ಬಂದಿದ್ದೂ ಇದಕ್ಕೇ, ಕಳಿಸೋಕೆ ಅಕ್ಕಪಕ್ಕ ಯಾರಿದ್ರು.

ಖಾತ್ರಿ ಮಾಡ್ಕೊಳ್ಳೋಕೆ ಮೂರು ಕಮ್ಯಾಂಡ್ ಸಾಕಾಯ್ತು. ವಿಚ್ ಕೊಟ್ಟು ಎಂಪಿಐರನ್ ಯಾವ ಫೋಲ್ಡರಿಂದ ಬರ್ತಿದೆ ನೋಡಿದೆ, ಎಂಪಿಐರನ್‌ಗೆ ವರ್ಷನ್ ಕೇಳಿದೆ, ಎಲ್‌ಡಿಡಿ ಕೊಟ್ಟು ನಮ್ಮ ಪ್ರೋಗ್ರಾಂ ಯಾವ ಲೈಬ್ರರಿಗೆ ಕಟ್ಟಿಕೊಂಡಿದೆ ನೋಡಿದೆ. ಲೈಬ್ರರಿ ಹೆಸರಿನ ಕೊನೆಯಲ್ಲಿ 12 ಅಂತಿತ್ತು. ಎಂಪಿಚ್ ಮತ್ತೆ ಅದರ ಬಳಗದವು 12 ಅಂತ ಇಟ್ಕೊಂಡಿದ್ದಾವೆ, ಓಪನ್ ಎಂಪಿಐ 4ನೇ ಸರಣಿ ಆಗಿದ್ರೆ ಅಲ್ಲಿ 40 ಅಂತ ಇರ್ತಿತ್ತು. ಎರಡು ಅಂಕಿಯಲ್ಲಿ ಇಡೀ ಜಾತಕ ಇದೆ.

ಒಂದು ಯೋಚನೆ ಆಗಾಗ ಬರುತ್ತೆ. ಹೆಡರು ಒಬ್ಬರದ್ದು ಲೈಬ್ರರಿ ಇನ್ನೊಬ್ಬರದ್ದು ಆಗಿದ್ದಿದ್ರೆ ನಮಗೆ ಒಳ್ಳೇದಾಗ್ತಿತ್ತು. ಎಲ್ಲ ಪ್ರೋಸೆಸುಗಳ ಗುಂಪನ್ನ ಸೂಚಿಸೋ ಕಾಮ್ ವರ್ಲ್ಡ್ ಅನ್ನೋದು ಎಂಪಿಚ್‌ನಲ್ಲಿ ಒಂದು ಪೂರ್ಣಾಂಕ, ಓಪನ್ ಎಂಪಿಐನಲ್ಲಿ ಅದೇ ಒಂದು ಪಾಯಿಂಟರ್, ಎರಡು ಬೆರೆತ್ರೆ ಲಿಂಕಲ್ಲೋ ಓಡೋವಾಗ್ಲೋ ಧಡಾರ್ ಅಂತ ಬೀಳ್ತಿತ್ತು, ಮೂರು ದಿನ ಉಳೀತಿತ್ತು. 2025ರಲ್ಲಿ ಬಂದ ಎಂಪಿಐ 5.0 ಸ್ಟ್ಯಾಂಡರ್ಡಲ್ಲಿ ಈ ಒಳಗಿನ ಬೆಲೆಗಳನ್ನೂ ಎಲ್ರಿಗೂ ಒಂದೇ ಅಂತ ನಿಗದಿ ಮಾಡಿದ್ದಾರೆ, ಆದ್ರೆ ಕ್ಲಸ್ಟರುಗಳಲ್ಲಿ ಹಳೇ ವರ್ಷನ್ನುಗಳು ಅಷ್ಟು ಬೇಗ ಹೋಗಲ್ಲ.

ಸರಿ ಮಾಡಿದ್ದು ಹೇಗೆ

ಎಂಪಿಐ ಜೊತೆ ಬರೋ ಎಂಪಿಐಸಿಸಿ, ಎಂಪಿಐಸಿಎಕ್ಸ್ಎಕ್ಸ್, ಎಂಪಿಐಫೋರ್ಟ್ ಇವು ಕಂಪೈಲರ್‌ಗಳಲ್ಲ, ಸಾಮಾನ್ಯ ಕಂಪೈಲರಿಗೆ ಹೊದಿಸಿದ ಹೊದಿಕೆ, ರ‍್ಯಾಪರ್ ಅಂತಾರಲ್ಲ ಅದು. ಹೆಡರ್ ದಾರಿ, ಲೈಬ್ರರಿ ದಾರಿ, ಲೈಬ್ರರಿ ಹೆಸರು ಎಲ್ಲ ತಾವೇ ಸೇರಿಸಿ ಒಳಗಿನ ಜಿಸಿಸಿಯನ್ನೋ ಇನ್ನೊಂದನ್ನೋ ಕರೀತಾವೆ. ಒಳಗೆ ಏನು ಮಾಡ್ತಿದ್ದೀಯ ತೋರ್ಸು ಅಂತ ಕೇಳ್ಬಹುದು, ಓಪನ್ ಎಂಪಿಐಗೆ ಎರಡು ಗೆರೆ ಹಾಕಿ ಶೋಮಿ ಅನ್ನಬೇಕು, ಎಂಪಿಚ್‌ಗೆ ಒಂದೇ ಗೆರೆ ಹಾಕಿ ಶೋ ಅಂದ್ರೆ ಸಾಕು, ಕಂಪೈಲ್ ಮಾಡದೆ ಪೂರ್ತಿ ಸಾಲನ್ನ ಪ್ರಿಂಟ್ ಮಾಡುತ್ತೆ. ಹೊಸ ಮೆಷಿನಲ್ಲಿ ನಾನೀಗ ಮೊದ್ಲು ಟೈಪ್ ಮಾಡೋದೇ ಇದು. ಎಂಪಿಐರನ್ ಇರೋ ಫೋಲ್ಡರಲ್ಲೇ ರ‍್ಯಾಪರೂ ಇರುತ್ತೆ, ಅದರಿಂದ ಕಂಪೈಲ್ ಮಾಡಿ, ಅದರಿಂದಲೇ ಲಿಂಕ್ ಮಾಡಿ, ಅದರ ಪಕ್ಕದವನಿಂದಲೇ ಓಡಿಸಿದ್ರೆ ಮನೆ ಬದಲಾಗೋ ಮಾತೇ ಇಲ್ಲ.

ಹುಡುಗ ಮೇಕ್‌ಫೈಲಲ್ಲಿದ್ದ ತೇಪೆಗಳನ್ನೆಲ್ಲ ಕಿತ್ತು ಸಿಸಿಗೆ ಎಂಪಿಐಸಿಸಿ, ಸಿ++ ಕಂಪೈಲರಿನ ವೇರಿಯಬಲ್ ಸಿಎಕ್ಸ್ಎಕ್ಸಿಗೆ ಎಂಪಿಐಸಿಎಕ್ಸ್ಎಕ್ಸ್, ಫೋರ್ಟ್ರಾನಿನ ವೇರಿಯಬಲ್ ಎಫ್‌ಸಿಗೆ ಎಂಪಿಐಫೋರ್ಟ್ ಅಂತ ಬರೆದ. ಹೊರಗಿಂದ ಯಾರಾದ್ರೂ ಬದಲಾಯಿಸೋಕೆ ಅವಕಾಶ ಇರ್ಲಿ ಅಂತ ಸಭ್ಯತೆಯಿಂದ ಪ್ರಶ್ನೆ ಚಿಹ್ನೆ ಹಾಕಿದ ಸಮ ಚಿಹ್ನೆ ಬಳಸಿದ, ಅಂದ್ರೆ ಮೊದಲೇ ಬೆಲೆ ಇಲ್ಲದಿದ್ರೆ ಮಾತ್ರ ಇದನ್ನ ತಗೋ ಅಂತ. ಮೇಕ್ ಕೊಟ್ರೆ ಏನೂ ಬದಲಾಗಿಲ್ಲ, ಅದೇ ಬರೀ ಸಿಸಿ, ಜಿ++ ಓಡ್ತಿದೆ, ಎಂಪಿಐ ಹೆಡರ್ ಸಿಗ್ತಿಲ್ಲ ಅಂತ ಅಳ್ತಿದೆ. ಇದು ಮೇಕ್‌ನ ಒಂದು ಕುಚೋದ್ಯ, ಸಿಸಿಗೂ ಸಿಎಕ್ಸ್ಎಕ್ಸಿಗೂ ಎಫ್‌ಸಿಗೂ ಮೇಕ್ ಒಳಗೇ ಡೀಫಾಲ್ಟ್ ಬೆಲೆ ಇರೋದ್ರಿಂದ ಅವು ಯಾವತ್ತೂ ಖಾಲಿ ಇರಲ್ಲ, ಪ್ರಶ್ನೆ ಚಿಹ್ನೆ ಹಾಕಿದ ಸಾಲು ಸದ್ದಿಲ್ಲದೆ ವ್ಯರ್ಥ. ಬರೀ ಸಮ ಚಿಹ್ನೆ ಹಾಕಿದ್ರೆ ಆಯ್ತು, ಹೊರಗಿನವರಿಗೆ ಬದಲಾಯಿಸಬೇಕಿದ್ರೆ ಮೇಕ್ ಕಮ್ಯಾಂಡಿನ ಸಾಲಲ್ಲೇ ಕೊಡಬಹುದು, ಅದು ಮೇಕ್‌ಫೈಲಲ್ಲಿ ಇರೋದನ್ನ ಮೀರುತ್ತೆ. ಅಂದಹಾಗೆ ಎಫ್‌ಸಿ ಡೀಫಾಲ್ಟ್ ಬೆಲೆ ಎಫ್77, ಇವತ್ತಿನ ಎಷ್ಟೋ ಮೆಷಿನಲ್ಲಿ ಆ ಹೆಸರಿನ ಕಮ್ಯಾಂಡೇ ಇರಲ್ಲ.

ಆಮೇಲೆ ಲಿಂಕ್ ಯಾರು ಮಾಡಬೇಕು ಅನ್ನೋ ಪ್ರಶ್ನೆ. ಸಿಸಿ ಈಗ ಎಂಪಿಐಸಿಸಿ ಆಗಿದೆ ನಿಜ, ಆದ್ರೆ ಅದರೊಳಗೆ ಇರೋದು ಅದೇ ಜಿಸಿಸಿ, ಸಿ++ ಲೈಬ್ರರಿ ಮತ್ತೆ ಸಿಗಲ್ಲ, ಹೊದಿಕೆ ಹೊದಿಸಿದ ಮಾತ್ರಕ್ಕೆ ಒಳಗಿನವನ ಸ್ವಭಾವ ಬದಲಾಗುತ್ತಾ. ಹಾಗಾಗಿ ಲಿಂಕಿಗೆ ಪ್ರತ್ಯೇಕ ರೂಲ್ ಬರೆದು ಅಲ್ಲಿ ಎಂಪಿಐಸಿಎಕ್ಸ್ಎಕ್ಸ್ ಹಾಕಿಸಿದೆ, ಮೇನ್ ಸಿ++ನಲ್ಲಿ ಇದೆಯಲ್ಲ, ಲಿಂಕೂ ಅದರದ್ದೇ ಇರ್ಲಿ ಅಂತ. ಫೋರ್ಟ್ರಾನ್ ರನ್‌ಟೈಮ್ ಲೈಬ್ರರಿ ಒಂದನ್ನ ಮಾತ್ರ ಕೈಯಾರೆ ಉಳಿಸಿದ್ವಿ. ಮೇನ್ ಫೋರ್ಟ್ರಾನಲ್ಲಿ ಇದ್ದಿದ್ರೆ ನಾನು ಎಂಪಿಐಫೋರ್ಟಿಂದ ಲಿಂಕ್ ಮಾಡಿ ಸಿ++ ಲೈಬ್ರರಿನ ಕೈಯಾರೆ ಕೊಡ್ತಿದ್ದೆ. ಎರಡು ಭಾಷೆ ಬೆರೆತಾಗ ಒಂದು ತೇಪೆ ಇದ್ದೇ ಇರುತ್ತೆ, ಅದು ಒಂದೇ ಇರಬೇಕು ಮತ್ತೆ ಯಾಕಿದೆ ಅಂತ ಪಕ್ಕದಲ್ಲಿ ಒಂದು ಸಾಲು ಕಾಮೆಂಟ್ ಇರಬೇಕು.

ಹೊಸ ಜಿಸಿಸಿಯಲ್ಲಿ ಆ ಹಳೇ ಫೋರ್ಟ್ರಾನ್ ಫೈಲು ಬೇರೆ ಗಲಾಟೆ ಮಾಡ್ತು. ಒಂದೇ ಸಬ್‌ರುಟೀನನ್ನ ಒಂದು ಕಡೆ ಅರೇ ಕೊಟ್ಟು ಇನ್ನೊಂದು ಕಡೆ ಒಂಟಿ ಸಂಖ್ಯೆ ಕೊಟ್ಟು ಕರೆದಿದ್ರು ಹಿಂದಿನವರು, 2020ರಲ್ಲಿ ಬಂದ ಜಿಸಿಸಿ 10ರಿಂದ ಇದು ಎರರ್. ಆರ್ಗ್ಯುಮೆಂಟ್ ಮಿಸ್‌ಮ್ಯಾಚನ್ನ ಬಿಟ್ಟುಬಿಡು ಅನ್ನೋ ಫ್ಲ್ಯಾಗ್ ಒಂದಿದೆ, ಅದನ್ನ ಹಾಕಿ ದಾಟಿಸಿದ್ವಿ, ಮುಟ್ಟೋ ಧೈರ್ಯ ಯಾರಿಗೂ ಇರ್ಲಿಲ್ಲ.

ಈಗ ಆ ರಂಪದ ಕತೆ. ವೇಗ ಬರ್ಲಿ ಅಂತ ಮೂರು ದಿನದ ಹುಡುಕಾಟದಲ್ಲಿ ಮಾರ್ಚ್ ನೇಟಿವ್ ಅನ್ನೋ ಫ್ಲ್ಯಾಗ್ ಹಾಕಿದ್ವಿ, ಈ ಮೆಷಿನಿನ ಪ್ರೊಸೆಸರಿಗೆ ಇರೋ ಎಲ್ಲ ಸಾಮರ್ಥ್ಯ ಬಳಸ್ಕೋ ಅಂತ ಅರ್ಥ. ಈ ಮೆಷಿನ್ ಅಂದ್ರೆ ಯಾವ ಮೆಷಿನ್? ಕಂಪೈಲ್ ಮಾಡೋದು ಲಾಗಿನ್ ನೋಡಲ್ಲಿ, ಓಡೋದು ಕಂಪ್ಯೂಟ್ ನೋಡಲ್ಲಿ. ಲಾಗಿನ್ ನೋಡಿನ ಪ್ರೊಸೆಸರ್ ಹೊಸದು, ಎವಿಎಕ್ಸ್ 512 ಅನ್ನೋ ಇನ್‌ಸ್ಟ್ರಕ್ಷನ್ನುಗಳು ಗೊತ್ತಿರೋದು, ಕೆಲವು ಕಂಪ್ಯೂಟ್ ನೋಡುಗಳು ಹಳೇವು. ಹಾಗಾಗಿ ಜಾಬು ಕೆಲವೊಮ್ಮೆ ಓಡುತ್ತೆ, ಕೆಲವೊಮ್ಮೆ ಇಲ್ಲೀಗಲ್ ಇನ್‌ಸ್ಟ್ರಕ್ಷನ್ ಅಂತ ಸಾಯುತ್ತೆ, ಯಾವ ನೋಡ್ ಸಿಕ್ತು ಅನ್ನೋದರ ಮೇಲೆ ಹಣೆಬರಹ. ಈಗ ಬಿಲ್ಡನ್ನೇ ಒಂದು ಜಾಬ್ ಮಾಡಿ, ಇರೋದ್ರಲ್ಲೇ ಹಳೇ ಥರದ ಕಂಪ್ಯೂಟ್ ನೋಡನ್ನ ಕೇಳಿ ತಗೊಂಡು ಅಲ್ಲಿ ಕಂಪೈಲ್ ಮಾಡ್ತೀವಿ.

ಇದೇ ಪ್ರೋಗ್ರಾಮನ್ನ ಬೇರೆ ಕಡೆ ಒಯ್ಯೋರಿಗೆ ಎರಡು ಮಾತು. ಇಂಟೆಲ್ ಎಂಪಿಐನಲ್ಲಿ ಎಂಪಿಐಸಿಸಿ ಅಂದ್ರೆ ಒಳಗೆ ಕರೆಯೋದು ಜಿಸಿಸಿನೇ, ಇಂಟೆಲ್ ಕಂಪೈಲರ್ ಬೇಕಿದ್ರೆ ಐ ಇನ್ನೊಂದು ಸೇರಿಸಿ ಎಂಪಿಐಐಸಿಸಿ ಅನ್ನಬೇಕಿತ್ತು, ಆ ಹಳೇ ಐಸಿಸಿ ಕಂಪೈಲರನ್ನ ನಿಲ್ಲಿಸಿದ್ಮೇಲೆ ಈಗ ಎಂಪಿಐಐಸಿಎಕ್ಸ್. ಒಂದು ಅಕ್ಷರ ಕಣ್ಣು ತಪ್ಪಿದ್ರೆ ಬೇರೆ ಕಂಪೈಲರಲ್ಲೇ ಬಿಲ್ಡ್ ಆಗಿರುತ್ತೆ, ನಿಮಗೆ ಗೊತ್ತೂ ಆಗಲ್ಲ. ಕ್ರೇ ಸೂಪರ್‌ಕಂಪ್ಯೂಟರುಗಳಲ್ಲಿ ಎಂಪಿಐ ಹೆಸರಿನ ರ‍್ಯಾಪರ್ ಬೇಕಾಗೇ ಇಲ್ಲ, ಚಿಕ್ಕಕ್ಷರದ ಸಿಸಿ ಅಂದ್ರೆ ಸಿ, ದೊಡ್ಡಕ್ಷರದ ಸಿಸಿ ಅಂದ್ರೆ ಸಿ++, ಎಫ್‌ಟಿಎನ್ ಅಂದ್ರೆ ಫೋರ್ಟ್ರಾನ್, ಅವುಗಳ ಹಿಂದೆ ಯಾವ ಕಂಪೈಲರ್ ಅನ್ನೋದು ನೀವು ಲೋಡ್ ಮಾಡಿರೋ ಮಾಡ್ಯೂಲ್ ನೋಡಿ ನಿರ್ಧಾರ ಆಗುತ್ತೆ. ಹಾಗೇ ಎಂಪಿಐ ರ‍್ಯಾಪರಲ್ಲೂ ಕೊನೇ ಸಿಸಿ ದೊಡ್ಡಕ್ಷರದಲ್ಲಿ ಬರೆದ್ರೆ ಸಿ++ ಅಂತ ಒಂದು ಹಳೇ ಹೆಸರಿದೆ, ಮ್ಯಾಕ್‌ನ ಫೈಲ್‌ಸಿಸ್ಟಂ ಸಾಮಾನ್ಯವಾಗಿ ಚಿಕ್ಕಕ್ಷರ ದೊಡ್ಡಕ್ಷರ ಭೇದ ಮಾಡಲ್ಲ, ಅಲ್ಲಿ ಎರಡೂ ಒಂದೇ ಆಗ್ಬಿಡುತ್ತೆ, ಅದಕ್ಕೇ ಸಿಎಕ್ಸ್ಎಕ್ಸ್ ಅನ್ನೋ ಉದ್ದ ಹೆಸರೇ ಕ್ಷೇಮ.

ಪರೀಕ್ಷೆಗೆ ಅಂತ ಹತ್ತು ಸಾಲಿನ ಚಿಕ್ಕ ಪ್ರೋಗ್ರಾಂ ಬರೆಸಿದೆ, ಪ್ರತಿ ಪ್ರೋಸೆಸೂ ತನ್ನ ನಂಬರು, ಒಟ್ಟು ಎಷ್ಟು ಜನ, ಒಳಗಿರೋ ಎಂಪಿಐ ಲೈಬ್ರರಿ ಯಾವುದು ಅಂತ ಹೇಳಬೇಕು. ಲೈಬ್ರರಿಯ ಹೆಸರು ಕೇಳೋ ಫಂಕ್ಷನ್ 2012ರ ಎಂಪಿಐ 3.0ರಿಂದ ಸ್ಟ್ಯಾಂಡರ್ಡಲ್ಲೇ ಇದೆ, ಬಳಸೋರು ಕಮ್ಮಿ. ಹೊಸ ಬಿಲ್ಡಲ್ಲಿ 0ಯಿಂದ 31ರವರೆಗೆ ಒಬ್ಬೊಬ್ಬರೂ ಬೇರೆ ನಂಬರ್ ಹೇಳಿದ್ರು, ಎಲ್ರೂ ಒಟ್ಟು 32 ಅಂದ್ರು, ಎಲ್ರೂ ಓಪನ್ ಎಂಪಿಐ ಅಂದ್ರು. ಮೇನ್ ಪ್ರೋಗ್ರಾಮಿಗೂ ಒಂದು ಸಾಲು ಸೇರಿಸಿದ್ವಿ, ಕೇಳಿದ್ದಷ್ಟು ಪ್ರೋಸೆಸ್ ಸಿಗದಿದ್ರೆ ಓಡೋದೇ ಬೇಡ, ನಿಲ್ಲು ಅಂತ.

ಆಮೇಲೆ ನಿಜವಾದ ಜಾಬ್ ಹಾಕಿದ್ವಿ. ವೇಗ ಬಂತು, ಮೆಮೊರಿ 2 ಜಿಬಿ ಒಳಗೇ ನಿಲ್ತು, ಹುಡುಗನ ಮುಖದಲ್ಲಿ ನಗು. ಹಳೇ ಉತ್ತರದ ಫೈಲಿತ್ತಲ್ಲ, ತಪ್ಪು ಬಿಲ್ಡಿಂದ ಬಂದ ಸರಿಯಾದ ಉತ್ತರ, ಅದರ ಜೊತೆ ಇದನ್ನ ಹೋಲಿಸಿ ನೋಡು ಅಂದೆ, ಸುಮ್ನೆ ಅಭ್ಯಾಸಕ್ಕೆ ಹೇಳಿದ್ದು. ಸ್ವಲ್ಪ ಹೊತ್ತಾದ್ಮೇಲೆ ಬಂದು, ಸರ್, ಕೊನೇ 16 ಸಾಲು ಹೊಂದ್ತಿಲ್ಲ, ಅವು ಶುರುವಲ್ಲಿ ಇದ್ದ ಹಾಗೇ ಇವೆ, ಬಿಸಿನೇ ಆಗಿಲ್ಲ ಅಂದ. 10,000 ಸಾಲನ್ನ 4 ಜನಕ್ಕೆ ಹಂಚಿದ್ರೆ 2,500, ಲ್ಯಾಪ್‌ಟಾಪಲ್ಲಿ ಸರಿಹೋಗ್ತಿತ್ತು. ಒಬ್ಬನಿಗೇ ಕೊಟ್ರೆ ಹಂಚೋ ಮಾತೇ ಇಲ್ಲ. 32 ಜನಕ್ಕೆ ಹಂಚಿದ್ರೆ ತಲಾ 312, ಒಟ್ಟು 9,984, ಉಳಿದ 16 ಸಾಲು ಯಾರ ಪಾಲಿಗೂ ಬಂದಿಲ್ಲ, ಭಾಗಾಕಾರದ ಶೇಷವನ್ನ ಯಾರಿಗಾದ್ರೂ ಕೊಡಬೇಕು ಅಂತ ಕೋಡ್ ಬರೆದವರಿಗೆ ಹೊಳೆದೇ ಇರ್ಲಿಲ್ಲ. ತಪ್ಪು ಕಮ್ಯಾಂಡಲ್ಲಿ ಮೂರು ದಿನ ಸರಿ ಉತ್ತರ ಕೊಟ್ಟಿದ್ದ ಪ್ರೋಗ್ರಾಂ, ಸರಿ ಕಮ್ಯಾಂಡ್ ಹಾಕಿದ ಮೊದಲ ದಿನವೇ ತಪ್ಪು ಉತ್ತರ ಕೊಡ್ತು. ಮೊದಲ 16 ಪ್ರೋಸೆಸ್ಸಿಗೆ ಒಂದೊಂದು ಸಾಲು ಜಾಸ್ತಿ ಕೊಡೋ ಹಾಗೆ ಆ ಸಂಜೆನೇ ಬದಲಾಯಿಸಿದ್ವಿ, ಹಳೇ ಫೈಲ್ ಜೊತೆ ಮತ್ತೆ ಹೋಲಿಸಿದ್ವಿ, ಈ ಸಲ ಕೊನೇ ಸಾಲಿನವರೆಗೂ ಹೊಂದಿತು. ಆ ಹಳೇ ಫೈಲನ್ನ ಇನ್ನೂ ಅಳಿಸಿಲ್ಲ.